ಅಡವಿಟ್ಟ ಬ್ಯಾಟರಿ

ಇಲ್ಲಿ ನೀರು ಬೇಗ ಕುದಿಯುತ್ತದೆ.
ಆಲೂಗಡ್ಡೆ ಮಾತ್ರ ಬೇಯುವುದಿಲ್ಲ.
ಕುದಿಯುವುದೇ ಬೇರೆ, ಬೇಯುವುದೇ ಬೇರೆ ಅಂತ
ಕೆಳಗಿನಿಂದ ಬಂದವರಿಗೆ ಪ್ರತಿ ಸಲ ಹೇಳಬೇಕು.
ನಾಲ್ಕು ಸಾವಿರ ಮೀಟರಿಗೆ ಅರವತ್ತು ಕಡಿಮೆ,
ಸೋವಿಯತ್ ಕಾಲದ ತಗಡಿನ ಲೆಕ್ಕ.
ಗಾಳಿ ಅದರ ಬಣ್ಣ ತಿಂದಿದೆ, ಅಂಕಿ ತಿಂದಿಲ್ಲ.

ಮೂವತ್ತೊಂದು ಮನೆ. ಒಂದು ಬಾವಿ. ಒಂದು ಹೆದ್ದಾರಿ.
ಹೆದ್ದಾರಿ ಅಂದರೆ ಒಡೆದ ಡಾಂಬರು,
ಅದರ ಕುಲುಕಾಟಕ್ಕೆ ಬೇಸತ್ತ ಲಾರಿಗಳು
ಪಕ್ಕದಲ್ಲೇ ತುಳಿದುಕೊಂಡ ಮಣ್ಣಿನ ಜಾಡು.
ಪೂರ್ವಕ್ಕೆ ಚೀನಾ, ಪಶ್ಚಿಮಕ್ಕೆ ಖೊರೊಗ್,
ಉತ್ತರಕ್ಕೆ ಓಶ್. ಮೇಲೆ ಯಾರೂ ಇಲ್ಲ.

ನಾನು ಬುರುಲ್. ಮುಂದಿನ ಕೋಣೆಯೇ ಚಹಾದಂಗಡಿ.
ಒಲೆಗೆ ಯಾಕ್ ಸಗಣಿ, ತೆರೆಸ್ಕೆನ್ ಬೇರು.
ಮರ? ಮರ ನಾನು ನೋಡಿದ್ದು
ಮದುವೆಗೆ ಮುಂಚೆ, ಎರಡು ಸಲ.

ಚಳಿ ಸೊನ್ನೆಯ ಕೆಳಗೆ ನಲವತ್ತಕ್ಕೆ ಕುಸಿದ ರಾತ್ರಿ
ಚಾಲಕರು ಲಾರಿಯ ಬ್ಯಾಟರಿ ಬಿಚ್ಚಿ
ಎದೆಗವಚಿಕೊಂಡು ಒಳಗೆ ಬರುತ್ತಾರೆ,
ಜ್ವರ ಬಂದ ಕೂಸನ್ನು ತಂದ ಹಾಗೆ.
ಒಲೆಯ ಮಗ್ಗುಲು ಬ್ಯಾಟರಿಗೆ,
ಮೇಲೆ ನನ್ನ ಅತ್ತೆ ತಟ್ಟಿದ ಉಣ್ಣೆಯ ಕಂಬಳಿ.
ಚಾಲಕನಿಗೆ ಬಾಗಿಲ ಕಡೆಯ ನೆಲ,
ಬೂಟು ಕಳಚದ ನಿದ್ದೆ.
ಮೊಮ್ಮಗಳು ಐಸುಲು ಕೇಳಿದಳು ಒಮ್ಮೆ:
ಅಜ್ಜಿ, ಅದಕ್ಕೂ ಚಹಾ ಕೊಡಲಾ?

ಮಾಮಸಾಲಿ ಬಂದದ್ದು ಫೆಬ್ರವರಿಯಲ್ಲಿ,
ಓಶ್‌ನಿಂದ ಹಿಟ್ಟು ಹೇರಿಕೊಂಡು.
ಮುಂದೆ ಹಿಮ ಜಾರಿ ದಾರಿ ಕಟ್ಟಿತ್ತು. ಒಂಬತ್ತು ರಾತ್ರಿ.
ನಾಲ್ಕನೆಯ ದಿನಕ್ಕೆ ಜೇಬು ಬರಿದು,
ಏಳನೆಯ ದಿನಕ್ಕೆ ಜಂಬ ಬರಿದು.
ಹತ್ತನೆಯ ಬೆಳಗ್ಗೆ ದಾರಿ ಬಿಟ್ಟಿತು.
ಬ್ಯಾಟರಿ ನಿನ್ನ ಹತ್ತಿರ ಇರಲಿ ತಾಯಿ,
ತಿರುಗಿ ಬರುವಾಗ ಬಿಡಿಸಿಕೊಳ್ತೀನಿ ಅಂದ.
ನಾನೇನು ಅಡವು ಕೇಳಿರಲಿಲ್ಲ.
ಬೇರೆ ಲಾರಿಯೊಂದು ಎಳೆದು ಇವನ ಎಂಜಿನ್ ಹತ್ತಿಸಿತು.
ಖೊರೊಗ್ ಮುಟ್ಟುವ ತನಕ ಆರಿಸೋದಿಲ್ಲ,
ಉಚ್ಚೆಗೆ ನಿಂತರೂ ಆರಿಸೋದಿಲ್ಲ ಅಂತ ಕೂಗಿ ಹೋದ.

ವಾರ ಕಳೆಯಿತು. ಮೂರು ವಾರ.
ಬರಲು ಬೇರೆ ದಾರಿಯೇ ಇಲ್ಲವಲ್ಲ ಅಂದೆ.
ಇದೆ, ದುಶಾಂಬೆ ಸುತ್ತಿ ಹೋಗಬಹುದು ಅಂತ
ಎರ್ಗೆಶ್ ಮೇಷ್ಟ್ರು ಶಾಲೆಯ ಭೂಪಟದಲ್ಲಿ ತೋರಿಸಿದರು.
ಬೆರಳಿಗೇನು, ಸುಲಭ.

ಅದೇ ಮೇಷ್ಟ್ರು ಎರಡು ತಂತಿ ಸಿಕ್ಕಿಸಿ
ಬಲ್ಬು ಹತ್ತಿಸಿದರು.
ಮೊದಲ ರಾತ್ರಿ ಕಂಡದ್ದು ನನ್ನ ಮನೆಯ ಮಸಿ.
ನಾಚಿಕೆಯಾಗಿ ಮರುದಿನವೆಲ್ಲ ಸೂರು ತಿಕ್ಕಿದೆ.
ಐಸುಲು ಪುಸ್ತಕ ಮುಗಿಸಿದಳು, ಮತ್ತೆ ಮೊದಲಿಂದ ಓದಿದಳು.
ಪಕ್ಕದ ಜುಉರಾ ಬಂದು ಅಂಗೈ ಚಾಚಿದಳು:
ಶರತ್ಕಾಲದಿಂದ ಕೂತ ಮುಳ್ಳು, ಈಗ ಕಂಡಿತು, ಕಿತ್ತೆ.
ಹನ್ನೊಂದು ರಾತ್ರಿ.
ಬೆಳಕು ಮೊದಲು ಜೇನಿನ ಬಣ್ಣಕ್ಕಿಳಿಯಿತು,
ಆಮೇಲೆ ತುಕ್ಕಿಗೆ,
ಆಮೇಲೆ ಬರೀ ಗಾಜು.

ಅಡವಿಟ್ಟ ಒಡವೆ ತೊಟ್ಟು ಮೆರೆದ ಹಾಗಾಯಿತು.
ಈಗ ಅವನು ನನಗೆ ಒಂಬತ್ತು ರಾತ್ರಿಯ ಸಾಲಗಾರ,
ನಾನು ಅವನಿಗೆ ಹನ್ನೊಂದು ರಾತ್ರಿಯ ಸಾಲಗಾರ್ತಿ.
ತಿರುವಿನಲ್ಲಿ ಲಾರಿ ಗೇರು ಬದಲಿಸಿದರೆ
ಎದೆ ಝಲ್ಲೆನ್ನುತ್ತದೆ.
ಬರಲಿ ಅನ್ನಲೋ, ಇವತ್ತು ಬೇಡ ಅನ್ನಲೋ.

ಒಬ್ಬ ಚಾಲಕ ಹೇಳಿದ: ರಷ್ಯಾದಲ್ಲಿ ಗಾರೆ ಕೆಲಸಕ್ಕಿದ್ದಾನೆ, ದಪ್ಪಗಾಗಿದ್ದಾನೆ.
ಇನ್ನೊಬ್ಬ ಹೇಳಿದ: ಆ ಲಾರಿ ನದಿಯ ಕಡೆ ಮಗುಚಿದ್ದು
ಗೊತ್ತಿಲ್ಲವಾ ನಿನಗೆ?
ಇಬ್ಬರಿಗೂ ಚಹಾ ಕೊಟ್ಟೆ.
ಇಬ್ಬರನ್ನೂ ಎರಡನೆಯ ಸಲ ಕೇಳಲಿಲ್ಲ.

ಸತ್ತದ್ದಕ್ಕೆ ಯಾಕತ್ತೆ ಕಂಬಳಿ, ಅನ್ನುತ್ತಾಳೆ ಸೊಸೆ.
ಕೈ ಅದರ ಪಾಡಿಗೆ ಹೊದಿಸುತ್ತದೆ, ನಾನೇನು ಮಾಡಲಿ.

ಮೊನ್ನೆ, ನವೆಂಬರಿನ ಮೊದಲ ಕಡುಚಳಿಗೆ,
ಮೀಸೆ ಹೆಪ್ಪುಗಟ್ಟಿದ ಹುಡುಗನೊಬ್ಬ ಬ್ಯಾಟರಿ ಹೊತ್ತು ಬಂದ.
ಒಲೆಯ ಹತ್ತಿರ ಆಗಲೇ ಒಂದು ಕಂಡು ತಡೆದು ನಿಂತ.
ಯಾರದಿದು ಅಂದ.
ಬಾಗಿಲು ಹಾಕು ಮೊದಲು, ಅಂದೆ.
ಅವನನ್ನು ಸ್ವಲ್ಪ ಆ ಕಡೆ ಸರಿಸು.
ಇಬ್ಬರಿಗೂ ಜಾಗ ಇದೆ.