ಶಟರ್ ಅರ್ಧ ಎಳೆದ ಹೊತ್ತು

ಒಂದೂವರಿಗೆ ವಾಸ್ಕೋ ಊರಿಗೆ ಊರೇ ಕಣ್ಣು ಮುಚ್ಚತೈತಿ.
ಮೀನ ಮಾರ್ಕೆಟ್ಟಿನ ನೊಣ ಸೈತ ಕುಂತಲ್ಲೇ ತೂಕಡಸತೈತಿ.
ನಾನು ಝೆರಾಕ್ಸ್ ಅಂಗಡಿ ಶಟರ್ ಅರ್ಧ ಎಳೀತೀನಿ,
ಬಗ್ಗಿದವರಿಗಷ್ಟ ಕಾಣೂವಂಗ.
ಬಲಗೈಯಾಗ ರೊಟ್ಟಿ, ಎಡಗೈಯಾಗ ಮೌಸು.
ಎಡಗೈಗೂ ಈಗ ಓಡೂದು ರೂಢಿ ಆಗೇತಿ.

ಕುಡಿಯೂದಿಲ್ಲ, ಎಲಿ ಆಡೂದಿಲ್ಲ,
ಪಣಜಿಯ ಕ್ಯಾಸಿನೋ ದೀಪ ಬಸ್ಸಿನ ಕಿಟಕಿಯಿಂದ ನೋಡಿದವ.
ನನ್ನ ಚಟ ಇದೊಂದ:
ಯಾರ ಯಾಕ ಕಟ್ಟಿದರೋ ಗೊತ್ತಿಲ್ಲದ ಜಾಲತಾಣದೊಳಗ
ಚಪ್ಪಲಿ ಹೊರಗ ಬಿಟ್ಟು ಹೋಗಿ
ಸುಮ್ಮನ ಕುಂತು ಬರೂದು.

ಮೊನ್ನಿ ಒಂದು ಸಿಕ್ತು. ಗಾಲಿ ಉರುಳಿಸಿದಷ್ಟೂ ಸಮುದ್ರ ಕೆಳಗ ಇಳೀತೈತಿ.
ಬಂಗಡೆ ಮ್ಯಾಲ ಉಳೀತು. ಆಮ್ಯಾಲ ಬರೇ ಹಲ್ಲಿದ್ದವು,
ಆಮ್ಯಾಲ ಹಣಿಗೆ ಕಂದೀಲು ಕಟ್ಟಿಕೊಂಡದ್ದು,
ಆಮ್ಯಾಲ ಕಪ್ಪು. ಬೆರಳು ನೋಯೂ ತನಕ ಕಪ್ಪು.
ತಳ ಮುಟ್ಟಿದಾಗ ರೊಟ್ಟಿ ಒಣಗಿ ಕಟಕಟಿ ಆಗಿತ್ತು.

ಇನ್ನೊಂದರಾಗ ಭೂಮಿ ತಿರುವಿ ಬೆರಳಿಟ್ಟಲ್ಲಿ ರೇಡಿಯೋ ಮಾತಾಡತೈತಿ.
ಎಲ್ಲಿಯದೋ ಹಿಮದ ಊರು, ಇನ್ನೂ ಬೆಳಗಾಗಿಲ್ಲ,
ಎರಡು ಹಾಡಿನ ನಡುವ ಒಬ್ಬಾಂವ ಕೆಮ್ಮಿದ.
ನೀರ ಕುಡಿಯಪಾ ಅಂದೆ.

ಫೋಟೋದ ಹಿಂದಿನ ಗೋಡಿ ಹಾರಿಸೂ ಸಾಮಾನೊಂದು ಸಿಕ್ಕಿತ್ತು,
ಒಂದ ಒತ್ತಿದರ ಮುಗೀತು, ಸ್ವಚ್ಛ ಬಿಳಿ.
ಎಸ್ಪೆರಾನ್ಸಾ ಬಾಯಿದು ಹಾರಿಸಿದೆ.
ಗೋಡಿ ಹೋತು, ಗೋಡಿ ಮ್ಯಾಲ ತೂಗುತ್ತಿದ್ದ ಗಂಡನೂ ಹೋದ.
ಆಕಿ ಕನ್ನಡಕ ಏರಿಸಿ ಬಾಳ ಹೊತ್ತು ನೋಡಿ
‘ಅವನ್ನ ತಿರುಗಿ ಹಾಕು’ ಅಂದ್ಳು.
ಪಾಸ್‌ಪೋರ್ಟಿಗೆ ನಡಿಯಂಗಿಲ್ಲ ಅಂದೆ.
‘ಹಂಗಾರ ಪಾಸ್‌ಪೋರ್ಟ್ ಬ್ಯಾಡ.’

ಹಡಗಿನ ನಕಾಶಿ ಸಿಕ್ಕ ದಿನ ನಾ ರೊಟ್ಟೀನ ತಿನಲಿಲ್ಲ.
ಬೈನಾ ದಂಡಿಗೆ ನಿಂತು ಹನ್ನೊಂದು ವರ್ಷ ನೋಡಿದ ದೀಪಗಳಿಗೆ
ಹೆಸರಿದ್ದವು! ದೇಶ ಇತ್ತು, ಹೊರಟ ಊರು ಇತ್ತು,
ಒಂದೊಂದೂ ಅಕ್ಕಿಕಾಳಿನಷ್ಟು ಬಾಣ.

ಶಾವಂತ್ರೆವ್ವ ರೀಚಾರ್ಜಿಗೆ ಬಂದಾಗ ತಡೀಲಾರದ ತೋರಿಸಿದೆ:
ನೋಡವ್ವ, ನಿನ್ನ ಗಂಡನ ಬಾರ್ಜು, ಸಾಂತಾ ಕ್ಲಾರಾ.
‘ಸಮುದ್ರ ಸಿಟ್ಟಿಗೆದ್ದೈತಿ, ಎರಡು ದಿನ ಬರಾಂಗಿಲ್ಲ ಅಂದಾನ.’
ವೇಗ ಸೊನ್ನಿ ಅಂತ ಬರದೈತಿ.
‘ಸೊನ್ನಿ ಅಂದ್ರ?’
ನಿಂತೈತಿ.
‘ಎಲ್ಲಿ?’
ನಾಲಗಿ ಕಡಕೊಂಡೆ, ಖರೆ, ಬೆರಳು ಆಗಲೇ ತೋರಿಸಿತ್ತು.
ಕೊರ್ಟಾಲಿಂ ಜೆಟ್ಟಿ. ಬಸ್ಸಿಗೆ ಅರ್ಧ ತಾಸು.

ಆಕಿ ಬೈಲಿಲ್ಲ. ಹತ್ತು ರೂಪಾಯಿ ಇಟ್ಟು ಹೋದ್ಳು,
ಒಂದ ಹಾಳಿನೂ ಝೆರಾಕ್ಸ್ ತಗೀಸಲಿಲ್ಲ.

ಮಾರನೇ ದಿನ ಶಟರಿನ ಕೆಳಗ ಯಮನೂರ ಬಗ್ಗಿ ಬಂದ.
‘ಅಣ್ಣಾ, ಆ ಬಾಣ ಆರಸೂದು ಹ್ಯಾಂಗ?’
ಅದು ನನ್ನ ಕೈಯಾಗಿಲ್ಲೋ ತಮ್ಮಾ.
ಸ್ಟೂಲಿನ ಮ್ಯಾಲ ಕುಂತ. ಪರದೆ ಕಡೆ ನೋಡಿದ.
‘ಇಷ್ಟ ಸಣ್ಣದನ?’
ಆಮ್ಯಾಲ, ಕೇಳದಿದ್ದರೂ:
‘ನಿದ್ದಿ ಮಾಡಿದ್ನಿ ಅಣ್ಣಾ. ತಾಡಪಾಲಿನ ಕೆಳಗ, ಗಾಳಿಗೆ, ಬರೇ ನಿದ್ದಿ.
ಮನ್ಯಾಗ ಆರು ಮಂದಿ, ಒಂದ ಫ್ಯಾನು.’
ಏನಂತ ಹೇಳಲಿ? ಹಿಮದ ಊರಿನ ರೇಡಿಯೋ ಹಚ್ಚಿಕೊಟ್ಟೆ.
ಹಾಡು ಮುಗಿಯೂದರಾಗ ಗೋಡಿಗೊರಗಿ ಮಲಗಿದ್ದ.

ಸಿಕ್ಕ ವಿಳಾಸ ಎಲ್ಲಾ ಉದ್ದರಿ ಪುಸ್ತಕದ ಹಿಂದ ಬರದಿಟ್ಟೀನಿ,
ಕನ್ನಡ ಅಕ್ಷರದಾಗ, ಡಾಟ್ ಇದ್ದಲ್ಲಿ ಸಾಸಿವಿಯಷ್ಟು ಚುಕ್ಕಿ.
ಅರ್ಧಕ್ಕರ್ಧ ಈಗ ತೆರೆಯೂದಿಲ್ಲ.
ಸಮುದ್ರದ್ದು ನಿನ್ನಿ ಹೋತು. ಬರೇ ಬಿಳಿ ಹಾಳಿ.
ಗಾಲಿ ಉರುಳಿಸಿದೆ, ಆದರೂ, ಒಂದೆರಡು ಸಲ.

ಶಟರಿನ ಕೆಳಗ ಎರಡು ಕಾಲು, ಒಂದು ಉಂಗುಟ ಕಿತ್ತ ಚಪ್ಪಲಿ.
‘ಅಣ್ಣಾ, ಆಧಾರ್. ಎರಡೂ ಕಡೆ, ಒಂದ ಹಾಳಿ.’
ಬಂದೆ ಅಂದೆ.
ಎಡಗೈ ಇನ್ನೂ ಮೌಸಿನ ಮ್ಯಾಲ ಐತಿ.