ಒಂದೂಮುಕ್ಕಾಲು ಮಿಲಿಮೀಟರ್

ಸಂಡೇ ಬಜಾರಿನಲ್ಲಿ ಡ್ರಿಲ್ ಬಿಟ್ಟು ತುಂಬಿದ ಬಿಸ್ಕತ್ತಿನ ಡಬ್ಬ.
ಇನ್ನೂರು ಅಂದ, ನೂರಿಪ್ಪತ್ತಕ್ಕೆ ಬಿಟ್ಟ.
ತಳದಲ್ಲಿ ಇದಿತ್ತು:
ಕಿರುಬೆರಳುದ್ದದ ಉಕ್ಕಿನ ಕೊಳವೆ,
ಹೊರಮೈಗೆ ಸಣ್ಣ ಥ್ರೆಡ್ಡು, ಬಾಯಂಚಿಗೆ ನಾಲ್ಕು ಕಚ್ಚು,
ಕಪ್ಪು ಅರ್ಧ, ತುಕ್ಕು ಅರ್ಧ.

ಪೀಣ್ಯದ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಕೈಯಿಂದ ಕೈಗೆ ದಾಟಿತು.
ಬೋರ್‌ವೆಲ್ಲಿನ ನಾಜಲ್ಲು ಮೇಡಂ, ಎಂದ ಚನ್ನವೀರ.
ಫೋರ್‌ಮನ್ ತುಟಿಗಿಟ್ಟು ಊದಿದ,
ಯಾವ ಕಾಲದ ಗ್ರೀಸೋ, ಉಗುಳಿದ.
ಸುಣ್ಣದಕಡ್ಡಿ ಉಜ್ಜಿದ ಮೇಲೆ ಅಕ್ಷರ ನಾಲ್ಕು ಎದ್ದವು:
ಆರ್, ಕೆ, ಇ, ವೈ. ಅದಕ್ಕೂ ಮುಂಚಿನವು ತುಕ್ಕಿನ ಪಾಲು.
ಆರ್.ಕೆ. ಎಂಜಿನಿಯರ್ಸ್ ಇರಬೇಕು, ರಾಜಾಜಿನಗರದ್ದು,
ಮುಚ್ಚಿ ಎಷ್ಟೋ ವರ್ಷ ಆಯ್ತು, ಅಂದರು ಎಲ್ಲರೂ.

ನಾನು ಅಳೆಯುವವಳು. ಹತ್ತೊಂಬತ್ತು ವರ್ಷ ಅದೇ ಕೆಲಸ.
ಪಿಚ್ ಗೇಜಿನ ಹಲ್ಲು ಕೂರಿಸಿದೆ, ಇಂಚಿಗೆ ಮೂವತ್ತೆರಡು.
ಒಳಗೆ ಬೋರ್ ಗೇಜ್ ಇಳಿಸಿದೆ:
ಹಿಂದೆ ಹದಿನೆಂಟೂವರೆ, ಬಾಯಲ್ಲಿ ಹದಿನಾರೂಮುಕ್ಕಾಲು.
ಒರೆಸಿ ಮತ್ತೆ ಅಳೆದೆ. ಅಷ್ಟೇ.
ಒಂದೂಮುಕ್ಕಾಲು ಮಿಲಿಮೀಟರ್ ಟೇಪರ್!
ಇದರ ನೂರರಲ್ಲೊಂದು ಪಾಲಿಗೆ ನಾನು
ಕೆಂಪು ಬಣ್ಣ ಬಳಿದು ಮೂಲೆಯ ತೊಟ್ಟಿಗೆ ಹಾಕುತ್ತೇನೆ.
ಎಷ್ಟು ಹುಡುಗರ ಓವರ್‌ಟೈಮು ಆ ತೊಟ್ಟಿಯಲ್ಲಿದೆ,
ಎಷ್ಟು ಹುಡುಗರು ನನ್ನ ಹೆಸರು ಹೇಳಿ ಕೆಲಸ ಬಿಟ್ಟಿದ್ದಾರೆ.

ಕೋಲ್ಸ್ ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ದಸ್ತಗೀರ್ ಸಾಬರು.
ಬಂದೂಕು ರಿಪೇರಿ; ಈಗೀಗ ಹೊಲಿಗೆ ಮಿಷನ್ನೂ.
ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ನೋಡಿ
ಚೋಕ್, ಅಂದರು.

ನನಗೆ ಗೊತ್ತಿದ್ದವು ಮೂರು:
ಟ್ಯೂಬ್‌ಲೈಟಿನ ಚೋಕು, ಮೋರಿ ಚೋಕಾಗುವುದು,
ಚಳಿಗಾಲದಲ್ಲಿ ನನ್ನ ಸ್ಕೂಟರಿನದು.

ನಳಿಗೆ ತುದೀಗೆ ತಿರುಗಿಸೋದಮ್ಮಾ.
ಛರ್ರೆ ಹೊರಗೆ ಬಿದ್ದರೆ ಚದುರಿಹೋಗ್ತದಲ್ಲ,
ಬೇಗ ಚದುರೋಕೆ ಇದು ಬಿಡಲ್ಲ.
ಇಷ್ಟು ಬಿಗಿ ಅಂದ್ರೆ ಒಂದೇ ಹಕ್ಕಿಗೆ. ಟರ್ಕಿಗೆ.
ಆ ದೇಶದ ಕಾಡಲ್ಲಿರ್ತದಂತೆ, ತಲೆಗೇ ಹೊಡೀಬೇಕಂತೆ.
ನಾನು ನೋಡಿಲ್ಲ.
ನನ್ ಹತ್ರ ಬರೋ ಯಾವ ಬಂದೂಕಿಗೂ ಇದು ಕೂರಲ್ಲ.

ಆರ್, ಕೆ, ಇ, ವೈ. ಹಿಂದೆ ಟಿ, ಯು ಸೇರಿಸಿ ಓದಿಕೊಂಡೆ.

ಹಾಗಾದರೆ ತಪ್ಪಲ್ಲ ಇದು. ಕಿರಿದಾಗುವುದೇ ಇದರ ಉದ್ಯೋಗ.
ಎಂಟು ಗಂಟೆಯ ಬಸ್ಸಿನ ಬಾಗಿಲ ಹಾಗೆ,
ಜಾಲಹಳ್ಳಿ ಕ್ರಾಸಿನಲ್ಲಿ ಹೆಗಲುಜ್ಜಿ ಇಳಿದ ನಾವು
ಸ್ವಲ್ಪ ದೂರ ಒಂದೇ ಗುಂಪಾಗಿ ನಡೆಯುತ್ತೇವೆ, ಮಾತೂ ಆಡದೆ,
ಆಮೇಲೆ ಒಬ್ಬೊಬ್ಬರು ಒಂದೊಂದು ಶೆಡ್ಡಿಗೆ.
ಇದನ್ನು ಕೊರೆದವನು ಯಾರೋ,
ಅವನ ಪಾಲಿಗೆ ನೆಟ್ಟಗಿನ ತೂತೇ ರಿಜೆಕ್ಟು.

ಎಷ್ಟಾಯಿತು ಅಂದರೆ ಸಾಬರು ಕೈಯಾಡಿಸಿದರು.
ಹೊರಗೆ ನವೆಂಬರಿನ ಸಂಜೆ. ಚೋಕ್ ಎಳೆದು ಒದ್ದೆ,
ಮೂರನೇ ಒದೆಗೆ ಗಾಡಿ ಕೆಮ್ಮಿ ಗುಡುಗಿತು,
ಗುಡುಗಿದ್ದೇ ತಡ
ಎದುರಿನ ಡಲ್ಸಿ ಟೀಚರ ಕಾಂಪೌಂಡಿನಿಂದ
ಗೊಳಗೊಳಗೊಳ ಎಂದು ಉತ್ತರ.
ಗೇಟಿನ ಸರಳುಗಳ ನಡುವೆ ನೀಲಿ ಬೋಳು ತಲೆ,
ಕೆಂಪು ಜೋಲು, ಕಾಲಿಗೆ ರಿಬ್ಬನ್ನು.

ನೋಡಿಲ್ಲ ಅಂದಿರಲ್ಲ ಸಾಬ್?
ಅದು ಮನೇದಮ್ಮಾ, ಅಂದರು ಬಾಗಿಲಲ್ಲಿ ನಿಂತು,
ಕ್ರಿಸ್‌ಮಸ್‌ವರೆಗೆ ಇರ್ತದೆ. ದೊಡ್ಡ ಸದ್ದು ಕೇಳಿದ್ರೆ
ಯಾರೋ ಕರೆದ್ರು ಅಂದ್ಕೊಳ್ತದೆ.

ಎಂಜಿನ್ ಆರಿಸಿದೆ. ಅದೂ ಸುಮ್ಮನಾಯಿತು,
ತಲೆ ಮಾತ್ರ ಸರಳಿನಾಚೆಗೇ, ಕಾಯುತ್ತ.
ಬ್ಯಾಗಿನಲ್ಲಿ ಊಟದ ಡಬ್ಬಿಗೆ ಕೊಳವೆ ತಾಗಿ ಟಿಣ್ ಅಂದಿತು.
ಗಲ್ಲಿಯ ತಿರುವಿನವರೆಗೂ
ಗಾಡಿ ತಳ್ಳಿಕೊಂಡೇ ಹೋದೆ.