ಹೆಸರು ತುಂಬ ಉದ್ದ

ಮೇ ತಿಂಗಳ ಕೊನೆಯ ಶನಿವಾರ.
ಭಾಗಮಂಡಲದಲ್ಲಿ ಹೊಳೆ ಇನ್ನೂ ತಗ್ಗಿನಲ್ಲೇ ಇದೆ.
ಹೂವಯ್ಯ ಮಾತ್ರ ಜೇನು ಸಂಘದ ಲೆಕ್ಕದ ಪುಸ್ತಕಗಳನ್ನೆಲ್ಲ
ಅಟ್ಟಕ್ಕೆ ಸಾಗಿಸಿ ಕೈ ಒರೆಸಿಕೊಂಡು ನಿಂತಿದ್ದಾನೆ.

ಉಳಿದದ್ದು ಕಂಪ್ಯೂಟರು.
ಅದನ್ನು ಹೊರುವುದು ಬೇಡ, ಒಳಗಿರುವುದನ್ನು ಹೊತ್ತರೆ ಸಾಕು ಎಂದೆ.
'ತುಪ್ಪ ತೆಗೆದ ಹಾಗಾ ಅಕ್ಕ?'
ಅಲ್ಲ ಮಾರಾಯ, ತುಪ್ಪ ತೆಗೆದರೆ ಎರಿ ಬರಿದು.
ಇಲ್ಲಿ ಎರಡೂ ಕಡೆ ತುಂಬಿರುತ್ತದೆ.
'ಹಾಗಾದರೆ ಹುಳ ಪಾಲಾದ ಹಾಗೆ.'
ಅದೂ ಅಲ್ಲ. ಪಾಲಾದರೆ ಅರ್ಧ ಸಂಸಾರ
ಹಳೇ ರಾಣಿಯ ಹಿಂದೆ ಹೊರಟೇಹೋಗುತ್ತದೆ.
ಅವನಿಗೆ ಹೋಲಿಕೆ ಸಿಗಲಿಲ್ಲ, ನನಗೂ.
ಚಹಾ ತರಲು ಹೋದ.

ಸಾಬೂನಿನಷ್ಟು ದೊಡ್ಡ ಕಪ್ಪು ಡ್ರೈವು.
ಮಡಿಕೇರಿಯ ಹುಡುಗ ಅದನ್ನು ತನ್ನದೇ ರೀತಿಯಲ್ಲಿ ಅಣಿಮಾಡಿ
'ವೈರಸ್ ಹತ್ತಿರ ಸುಳಿಯಲ್ಲ ಮೇಡಂ' ಎಂದು ಕೊಟ್ಟಿದ್ದ.
ವಯರು ಚುಚ್ಚಿದೆ. ಹಸಿರು ಪಟ್ಟಿ ತೆವಳತೊಡಗಿತು.

ಹುಳರೋಗ ಬಂದು ಪೆಟ್ಟಿಗೆಗಳು ಸಾಲುಸಾಲಾಗಿ ಮೂಕವಾದ
ವರ್ಷದ ಪಟ್ಟಿ ದಾಟಿತು.
ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು,
ಹೊಸ ಫೋಲ್ಡರ್ ಎರಡರ ಪ್ರತಿ.
ಮಹಾಸಭೆಯ ಊಟದ ಫೋಟೋ:
ಎಲ್ಲರೂ ಎಲೆ ನೋಡುತ್ತಿದ್ದಾರೆ, ಕ್ಯಾಮೆರಾವನ್ನು ಯಾರೂ ಇಲ್ಲ.
ಕರೆಂಟು ಹೋಯಿತು. ಇನ್ವರ್ಟರು ಒಮ್ಮೆ ಕೆಮ್ಮಿ ಹಿಡಿದುಕೊಂಡಿತು.

ನಲವತ್ತೊಂದು ಸಾವಿರದ ಇನ್ನೂರ ಆರು ಕಡತ ದಾಟಿದವು.
ಒಂದು ನಿಂತಿತು.
'ಹೆಸರು ತುಂಬ ಉದ್ದ' ಎಂದಿತು ಪರದೆ.

ಪಳಂಗಪ್ಪ ಕಾರ್ಯದರ್ಶಿ ಇದ್ದಾಗಿನ ಕಡತ.
ಒಳಗೆ ಬರೆದರೆ ಯಾರು ಬಿಚ್ಚಿ ಓದುತ್ತಾರೆ ಎಂದು
ಅವರು ಹೇಳುವುದನ್ನೆಲ್ಲ ಹೆಸರಿನಲ್ಲೇ ಬರೆಯುತ್ತಿದ್ದರು.
ಒಂಬತ್ತು ವರ್ಷ ಆ ಕಿರಿದಾದ ಕಿಟಕಿಯಲ್ಲಿ ನನಗೆ ಕಂಡದ್ದು
'ಕುಡಿಯರ ಬೊಳ್ಳು ತಂ' ಮತ್ತು ಮೂರು ಚುಕ್ಕೆ.
ಕಿಟಕಿ ಅಗಲಿಸಿದೆ:

ಕುಡಿಯರ ಬೊಳ್ಳು ತಂದ ಜೇನು ತೂಕದಲ್ಲಿ ತಪ್ಪಿದೆ
ಮಳೆ ಹಿಡಿಯುವ ಮೊದಲು ಮತ್ತೆ ತೂಗಬೇಕು
ಅವನ ಎದುರಿಗೇ ತೂಗಬೇಕು ಮರೆಯಬಾರದು

ಒಳಗೆ ಒಂದೇ ಸಾಲು.
ಅವನು ಹೇಳಿದ್ದು ಹದಿನಾಲ್ಕು ಕಿಲೋ ಇನ್ನೂರು,
ನಾವು ಬರೆದದ್ದು ಹತ್ತು ಎಂಟುನೂರು.

ಹುಡುಗನಿಗೆ ಫೋನು ಮಾಡಿದೆ.
'ಕನ್ನಡದ ಒಂದೊಂದಕ್ಕೂ ಮೂರು ಮೂರು ಜಾಗ ಬೇಕು ಮೇಡಂ, ಆ ಡ್ರೈವಲ್ಲಿ.
ಚಿಕ್ಕದು ಮಾಡಿ. ಇಲ್ಲಾಂದ್ರೆ ಬಿಟ್ಬಿಡಿ, ಒಂದೇ ಅಲ್ವಾ.'

ಏನನ್ನು ಕತ್ತರಿಸಲಿ?
ಮೊದಲು 'ಮರೆಯಬಾರದು' ತೆಗೆದೆ.
ಮರೆತಾಗಿದೆಯಲ್ಲ.
'ಮಳೆ ಹಿಡಿಯುವ ಮೊದಲು' ತೆಗೆದೆ.
ಯಾವ ಮಳೆ? ಒಂಬತ್ತು ಹಿಡಿದು ಒಂಬತ್ತು ಬಿಟ್ಟಿವೆ.
'ಕುಡಿಯರ' ತೆಗೆದರೆ ಯಾವ ಬೊಳ್ಳು?
ಕಕ್ಕಬ್ಬೆ ಕಡೆ ಒಬ್ಬ, ಮುಂಡ್ರೋಟಿನಲ್ಲಿ ಒಬ್ಬ. ಇರಲಿ.
'ಅವನ ಎದುರಿಗೇ' ಹತ್ತಿರ ಬಂದು
ಬೆರಳು ಅಳಿಸುವ ಕೀಲಿಯ ಮೇಲೆ ಕೂತಿತು,
ಒತ್ತಲಿಲ್ಲ.
ಎರಡು ಸಲ ಬರೆದಿದ್ದ 'ತೂಗಬೇಕು' ಒಂದಾಯಿತು.
ಕಡತ ದಾಟಿತು.

ಡ್ರೈವು ಕಿತ್ತೆ. ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗಿತ್ತು.
ಹೂವಯ್ಯ ಚಹಾ ಇಟ್ಟ. ಕೇಳಿದೆ.
'ಮುಂಡ್ರೋಟಿನ ಬೊಳ್ಳುವಾ? ಇದ್ದಾನೆ.
ಈಗ ಮರ ಹತ್ತುವುದಿಲ್ಲ, ಕಣ್ಣು ಮಂಜು.
ಕಾಫಿ ತೋಟದಲ್ಲಿ ಕಾವಲು ಕೂರುತ್ತಾನೆ.'
ನಾಳೆ ಕರೆತಾ ಎಂದೆ. ಮೂರು ಕಿಲೋ ನಾನೂರು ತೂಗಿ ಕೊಡುವುದಿದೆ,
ಅವನ ಎದುರಿಗೆ.
'ಅಯ್ಯೋ, ತಕ್ಕಡಿಯನ್ನೂ ಅಟ್ಟಕ್ಕೆ ಹಾಕಿಬಿಟ್ಟೆನಲ್ಲ ಅಕ್ಕ!'

ಇಳಿಸು ಎಂದೆ.